ಪರೀಕ್ಷೆ ಇಡುವವರಿಲ್ಲದ ಕಲಿಕೆ

"ಈ ವಯಸ್ಸಿನಲ್ಲಿ ನಿಮಗೆ ಯಾರು ಪರೀಕ್ಷೆ ಇಡ್ತಾರೆ ಮೇಡಂ? ಇಷ್ಟೆಲ್ಲ ಯಾಕೆ?"

"ಯಾರೂ ಇಡೋದಿಲ್ಲ ಸರ್. ನನ್ನ ಕಷ್ಟ ಇರೋದೇ ಅಲ್ಲಿ."

ಈ ವಾರ ಕಚೇರಿಯ ಬಿಡುವಿನ ವೇಳೆಯಲ್ಲಿ ನಡೆದ ಈ ಎರಡು ಸಾಲಿನ ಮಾತುಕತೆ ನನ್ನ ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಕೇಳಿದವರು ನಮ್ಮ ಹಿರಿಯ ಅಧಿಕಾರಿ. ಉತ್ತರ ಕೊಟ್ಟವರು ಐವತ್ತರ ಹತ್ತಿರದ ಸಹೋದ್ಯೋಗಿ. ತಾವಾಗಿಯೇ ಸಂಖ್ಯಾಶಾಸ್ತ್ರವನ್ನು, ಅಂದರೆ ಸ್ಟ್ಯಾಟಿಸ್ಟಿಕ್ಸನ್ನು ಕಲಿಯಲು ಹೊರಟು, ಅದಕ್ಕಾಗಿ ಬರೆದಿಟ್ಟ ಯೋಜನೆಯನ್ನು ನನಗೆ ತೋರಿಸುತ್ತಿದ್ದರು.

ಅಧಿಕಾರಿಯ ಮಾತಿನಲ್ಲಿ ಕುಹಕವೇನೂ ಇರಲಿಲ್ಲ. ಅವರು ಒಳ್ಳೆಯ ಮನುಷ್ಯರು, ಕಿರಿಯರ ಕಷ್ಟಕ್ಕೆ ಆಗುವವರು. ಆದರೆ ಕಲಿಕೆ ಎಂದರೆ ಒಬ್ಬರು ಕೊಡುವುದು, ಇನ್ನೊಬ್ಬರು ಪಡೆಯುವುದು, ಮೂರನೆಯವರು ಅಳೆದು ಪ್ರಮಾಣಪತ್ರ ನೀಡುವುದು ಎಂಬ ತಿಳಿವಳಿಕೆ ಅವರಲ್ಲಿ ಗಟ್ಟಿಯಾಗಿ ಕುಳಿತಿದೆ. ಅಳೆಯುವವರೇ ಇಲ್ಲದ ಕಡೆ ಯಾರಾದರೂ ಇಷ್ಟು ಶ್ರದ್ಧೆಯಿಂದ ಸಿದ್ಧತೆ ಮಾಡಿಕೊಳ್ಳುವುದು ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ನಮ್ಮಲ್ಲಿ ಬಹಳ ಮಂದಿಯ ಸ್ಥಿತಿ ಇದೇ ಎಂದು ನನಗನ್ನಿಸುತ್ತದೆ.

ಶಾಲೆ ಕಾಲೇಜುಗಳಲ್ಲಿ ಪಠ್ಯಕ್ರಮ, ವೇಳಾಪಟ್ಟಿ, ಪರೀಕ್ಷೆ ಎಲ್ಲವನ್ನೂ ಬೇರೆಯವರು ಸಿದ್ಧಪಡಿಸಿರುತ್ತಾರೆ. ವಯಸ್ಕರಾದ ಮೇಲೆ ಸ್ವಂತವಾಗಿ ಕಲಿಯಲು ಹೊರಟವರು ಮೊದಲ ಎರಡನ್ನು ಹೇಗೋ ಕಟ್ಟಿಕೊಳ್ಳುತ್ತಾರೆ: ಒಂದು ಒಳ್ಳೆಯ ಪುಸ್ತಕದ ಪರಿವಿಡಿಯನ್ನು ಪಠ್ಯಕ್ರಮವೆಂದು ಇಟ್ಟುಕೊಂಡು, ವಾರಕ್ಕೊಂದು ಅಧ್ಯಾಯ ಎಂದು ಹಂಚಿದರೆ ಯೋಜನೆ ಮುಗಿಯಿತೆಂದುಕೊಳ್ಳುತ್ತಾರೆ. ಮೂರನೆಯದು ಯಾರ ನೆನಪಿಗೂ ಬರುವುದಿಲ್ಲ, ಅಥವಾ ಹಳೆಯ ಭಯದಿಂದ ಬೇಕೆಂದೇ ಬಿಟ್ಟುಬಿಡುತ್ತಾರೆ. ಓದಿದ್ದು ಎಷ್ಟು ಉಳಿಯಿತು, ಉಳಿದದ್ದರಿಂದ ಏನು ಮಾಡಲು ಬಂದಿತು ಎಂಬ ಪ್ರಶ್ನೆಗೆ ಅಂಥ ಯೋಜನೆಯಲ್ಲಿ ಜಾಗವೇ ಇರುವುದಿಲ್ಲ.

ನನ್ನ ಸಹೋದ್ಯೋಗಿಯ ನೋಟ್‌ಬುಕ್ ನನಗೆ ಇಷ್ಟವಾದದ್ದು ಈ ಕಾರಣಕ್ಕೆ. ಪುಟದ ಎಡಗಡೆ ಕಲಿಯಬೇಕಾದ ವಿಷಯ, ನಡುವೆ ಪುಸ್ತಕ ಮತ್ತು ವಿಡಿಯೋ ಪಾಠಗಳ ವಿವರ, ಬಲಗಡೆ, ಎಲ್ಲಕ್ಕಿಂತ ಅಗಲವಾದ ಜಾಗದಲ್ಲಿ, "ಇದು ನನಗೆ ಬಂದಿದೆ ಎಂದು ಹೇಗೆ ಗೊತ್ತಾಗಬೇಕು?" ಎಂಬ ತಲೆಬರಹ. ಸರಾಸರಿ ಮತ್ತು ಮಧ್ಯಾಂಕದ (ಸಂಖ್ಯೆಗಳನ್ನು ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವುದು) ಸಾಲಿನಲ್ಲಿ ಅವರು ಬರೆದಿದ್ದದ್ದು ಹೀಗೆ: "ಹತ್ತು ಜನರ ಸಂಬಳದ ಪಟ್ಟಿಯಲ್ಲಿ ಒಬ್ಬರದು ಮಾತ್ರ ತೀರಾ ದೊಡ್ಡದಿದ್ದರೆ ಯಾವ ಸಂಖ್ಯೆಯನ್ನು ಹೇಳಬೇಕು, ಏಕೆ ಎಂಬುದನ್ನು ಪುಸ್ತಕ ಮುಚ್ಚಿ, ಗಣಿತ ಗೊತ್ತಿಲ್ಲದ ಒಬ್ಬರಿಗೆ ವಿವರಿಸುವುದು." ಮಾನಕ ವಿಚಲನೆಯ, ಅಂದರೆ ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆಯ ಸಾಲಿನಲ್ಲಿ, ಸರಾಸರಿ ಒಂದೇ ಇದ್ದು ಚದುರುವಿಕೆ ಬೇರೆಯಾಗಿರುವ ಎರಡು ಪಟ್ಟಿಗಳನ್ನು ತಾವೇ ರಚಿಸಿ ತೋರಿಸುವ ಕೆಲಸವಿತ್ತು. ಅಧ್ಯಾಯ ಓದಿ ಮುಗಿಸುವುದು ಎಂಬ ಗುರಿ ಎಲ್ಲಿಯೂ ಇರಲಿಲ್ಲ.

ವಯಸ್ಕರ ಶಿಕ್ಷಣದ ಕುರಿತು ಜೀವನವಿಡೀ ಯೋಚಿಸಿದ ಅಮೆರಿಕದ ಮಾಲ್ಕಮ್ ನೋಲ್ಸ್ 1975ರಲ್ಲಿ, ಕಲಿಯುವವರು ತಮ್ಮೊಂದಿಗೆ ತಾವೇ ಮಾಡಿಕೊಳ್ಳಬಹುದಾದ ಒಂದು ಕಲಿಕೆಯ ಒಪ್ಪಂದದ ಮಾದರಿಯನ್ನು ವಿವರಿಸಿದ್ದರು. ಗುರಿ ಯಾವುದು, ಅದಕ್ಕೆ ಬೇಕಾದ ಸಂಪನ್ಮೂಲ ಯಾವುದು ಎಂಬುದರ ಜೊತೆಗೆ, ಗುರಿ ಮುಟ್ಟಿದ್ದಕ್ಕೆ ಪುರಾವೆ ಏನು, ಆ ಪುರಾವೆಯನ್ನು ಯಾವ ಮಾನದಂಡದಿಂದ ಪರಿಶೀಲಿಸಬೇಕು ಎಂಬುದೂ ಅದರಲ್ಲಿ ಇರಬೇಕಿತ್ತು. ನನ್ನ ಸಹೋದ್ಯೋಗಿ ಆ ಹೆಸರನ್ನೇ ಕೇಳಿರಲಿಲ್ಲ. ತಮ್ಮ ಕಷ್ಟವನ್ನು ನೇರವಾಗಿ ಎದುರಿಸಿದ್ದರಿಂದಲೇ ಅವರು ಅದೇ ಜಾಗಕ್ಕೆ ಬಂದು ತಲುಪಿದ್ದರು, ಮತ್ತು ಇದು ನನಗೆ ಬಹಳ ಸಂತೋಷ ಕೊಟ್ಟಿತು.

"ನನ್ನ ಕಷ್ಟ ಇರೋದೇ ಅಲ್ಲಿ" ಎಂಬ ಮಾತು ಎಷ್ಟು ನಿಜವೆಂದು ತೋರಿಸುವ ಒಂದು ಪ್ರಯೋಗವಿದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವು ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲಿ ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪಠ್ಯವನ್ನು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷಗಳ ನಂತರ ಪರೀಕ್ಷಿಸಿದಾಗ ಓದುತ್ತಲೇ ಇದ್ದವರು ಶೇ. 83ರಷ್ಟು, ನೆನಪಿನಿಂದ ಬರೆದವರು ಶೇ. 71ರಷ್ಟು ಹೇಳಬಲ್ಲವರಾಗಿದ್ದರು. ವಾರ ಕಳೆದ ಮೇಲೆ ಲೆಕ್ಕ ತಿರುವುಮುರುವಾಗಿ, ಮೊದಲಿನವರದು ಶೇ. 40ಕ್ಕೆ ಇಳಿಯಿತು, ಎರಡನೆಯವರದು ಶೇ. 61ರಲ್ಲಿ ನಿಂತಿತು. ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಭರವಸೆ ಹೆಚ್ಚಾಗಿದ್ದದ್ದು ಮಾತ್ರ ಓದುತ್ತಲೇ ಇದ್ದವರಿಗೆ. ಓದುವಾಗ ಎಲ್ಲವೂ ಪರಿಚಿತವೆನಿಸುತ್ತದೆ, ಆ ಪರಿಚಯವನ್ನೇ ನಾವು ತಿಳಿವಳಿಕೆ ಎಂದು ಭಾವಿಸುತ್ತೇವೆ. ಕಾಲೇಜಿನಲ್ಲಾದರೆ ವರ್ಷದ ಕೊನೆಯಲ್ಲಿ ಯಾರೋ ಈ ಭ್ರಮೆಯನ್ನು ಬಿಡಿಸುತ್ತಾರೆ, ಒಬ್ಬರೇ ಕಲಿಯುವವರಿಗೆ ಬಿಡಿಸುವವರು ಯಾರು?

ಅವರ ಯೋಜನೆಯಲ್ಲಿ ಅಧಿಕಾರಿಗೆ ವಿಚಿತ್ರವೆನಿಸಿದ ಇನ್ನೊಂದು ಸಂಗತಿಯೆಂದರೆ ನಡುನಡುವೆ ಖಾಲಿ ಬಿಟ್ಟ ವಾರಗಳು. ಅವು ರಜೆಯ ವಾರಗಳಲ್ಲ. ಹಿಂದುಳಿದದ್ದನ್ನು ಹಿಡಿಯಲು ಮತ್ತು ಹಳೆಯ ಸಾಲುಗಳ ಕೆಲಸವನ್ನು ಪುಸ್ತಕ ತೆರೆಯದೆ ಇನ್ನೊಮ್ಮೆ ಮಾಡಿ ನೋಡಲು ಇಟ್ಟವು. ಕೆಲಸಕ್ಕೆ ಹಿಡಿಯುವ ಕಾಲವನ್ನು ಕಡಿಮೆ ಅಂದಾಜು ಮಾಡುವುದು ಮನುಷ್ಯರ ಸಾಮಾನ್ಯ ಸ್ವಭಾವ: 1994ರ ಒಂದು ಪ್ರಸಿದ್ಧ ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಸರಾಸರಿ 33.9 ದಿನಗಳಲ್ಲಿ ಮುಗಿಯುತ್ತದೆ ಎಂದಿದ್ದರು, ಮುಗಿಯಲು ಹಿಡಿದದ್ದು 55.5 ದಿನ. ಮೇಲೆ ಉದ್ಯೋಗ, ಸಂಸಾರ, ವಯಸ್ಸಾದವರ ಆರೈಕೆ ಇರುವವರ ವೇಳಾಪಟ್ಟಿಯಲ್ಲಿ ಒಂದೂ ಖಾಲಿ ವಾರವಿಲ್ಲದಿದ್ದರೆ, ಅದು ಮೊದಲ ಜ್ವರಕ್ಕೇ ಮುರಿದುಬೀಳುತ್ತದೆ, ಮುರಿದದ್ದಕ್ಕೆ ಕಲಿಯುವವರು ತಮ್ಮ ಬುದ್ಧಿಯನ್ನೇ ದೂರಿಕೊಳ್ಳುತ್ತಾರೆ. ಮರೆವಿನ ವಿಷಯದಲ್ಲೂ ಹೀಗೆಯೇ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ನಡೆಸಿ, 1885ರಲ್ಲೇ ಪ್ರಕಟಿಸಿದ ಪುಸ್ತಕದಲ್ಲಿ, ಮರೆವು ಮೊದಲ ಗಂಟೆಗಳಲ್ಲೇ ಅತಿ ವೇಗವಾಗಿರುತ್ತದೆ, ಆದರೆ ಮರೆತದ್ದನ್ನು ಮತ್ತೆ ಕಲಿಯಲು ಮೊದಲಿಗಿಂತ ಕಡಿಮೆ ಸಮಯ ಸಾಕಾಗುತ್ತದೆ ಎಂದು ತೋರಿಸಿದರು. "ಓದಿದ್ದೆಲ್ಲ ಮರೆತುಹೋಗುತ್ತದೆ, ನನ್ನ ವಯಸ್ಸಾಯಿತು" ಎಂದು ಕೈಬಿಡುವವರಿಗೆ ಈ ಎರಡನೆಯ ಭಾಗವನ್ನು ಯಾರಾದರೂ ಹೇಳಬೇಕು.

ಯೋಜನೆಯಲ್ಲಿ ಒಂದು ಕೊರತೆ ನನಗೆ ಕಂಡಿತು, ಅದನ್ನು ಅವರಿಗೆ ಹೇಳಿಯೂ ಇದ್ದೇನೆ. ಬಲಗಡೆಯ ಕೆಲಸಗಳನ್ನು ಮಾಡುವವರೂ ಅವರೇ, ಸರಿಯೋ ತಪ್ಪೋ ಎಂದು ನಿರ್ಣಯಿಸುವವರೂ ಅವರೇ. ತಿಳಿಯದೇ ಇರುವುದು ಯಾವುದೆಂಬುದೇ ತಿಳಿಯದ ಹಂತದಲ್ಲಿ ಒಬ್ಬರು ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುವುದಕ್ಕೆ ಮಿತಿಯಿದೆ. ವಿಷಯ ಬಲ್ಲವರೊಬ್ಬರು ತಿಂಗಳಿಗೊಮ್ಮೆ ಒಂದು ಗಂಟೆ ಕುಳಿತು, ಅವರು ರಚಿಸಿದ ಪಟ್ಟಿಗಳನ್ನು ನೋಡಿ, ಎರಡು ಪ್ರಶ್ನೆ ಕೇಳಿದರೆ ಸಾಕು. ಆದರೆ ಆ ಒಂದು ಗಂಟೆ ಸಿಗುವುದು ಎಷ್ಟು ಕಷ್ಟ! ಇಂದು ಪಾಠಗಳು ಹೇರಳವಾಗಿವೆ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ತನ್ನ ಪಾಠಸಾಮಗ್ರಿಯನ್ನು ಎಲ್ಲರಿಗೂ ಉಚಿತವಾಗಿ ತೆರೆದಿಡುವುದಾಗಿ 2001ರಲ್ಲಿ ಘೋಷಿಸಿದಂದಿನಿಂದ ಒಳ್ಳೆಯ ಪಾಠಕ್ಕೆ ಬರವಿಲ್ಲ. ಕಲಿತದ್ದನ್ನು ನೋಡಿ "ಇದು ಸರಿ, ಇಲ್ಲಿ ಇನ್ನೊಮ್ಮೆ ಯೋಚಿಸಿ" ಎನ್ನುವವರಿಗೆ ಮಾತ್ರ ಬರವಿದೆ.

ಆದ್ದರಿಂದ ಆ ಅಧಿಕಾರಿಯ ಪ್ರಶ್ನೆಯನ್ನು ನಾನು ಈಗ ಬೇರೆಯೇ ರೀತಿಯಲ್ಲಿ ಕೇಳಿಸಿಕೊಳ್ಳುತ್ತಿದ್ದೇನೆ. ಈ ವಯಸ್ಸಿನಲ್ಲಿ ಯಾರು ಪರೀಕ್ಷೆ ಇಡುತ್ತಾರೆ ಎಂಬುದು ಗ್ರಂಥಾಲಯಗಳೂ ಕಚೇರಿಗಳ ತರಬೇತಿ ವಿಭಾಗಗಳೂ ಉತ್ತರಿಸಬೇಕಾದ ಪ್ರಶ್ನೆ. ಹಾಜರಾತಿ ಎಣಿಸಿ ಪ್ರಮಾಣಪತ್ರ ಹಂಚುವ ಕಾರ್ಯಾಗಾರಗಳಿಗೆ ಮೀಸಲಿಡುವ ಸಮಯದಲ್ಲಿ ಒಂದಿಷ್ಟನ್ನು, ತಾವಾಗಿ ಕಲಿಯುತ್ತಿರುವವರ ಕೆಲಸವನ್ನು ಕೂತು ನೋಡುವ ಅನುಭವಿಗಳಿಗೆ ಕೊಟ್ಟರೆ, ಹೆಸರು ಬರೆಸಲು ಬಂದವರಿಗೆ ಮೊದಲ ದಿನ ಕೇಳಬೇಕಾದದ್ದು ಇಷ್ಟೇ: ಮೂರು ತಿಂಗಳ ನಂತರ ಏನನ್ನು ಮಾಡಿ ತಂದು ತೋರಿಸುತ್ತೀರಿ?