ಮನೆಯಲ್ಲಿ ಯಾರಿಗೆ ಕ್ಯಾನ್ಸರ್?

"ಮನೆಯಲ್ಲಿ ಯಾರಿಗೆ ಕ್ಯಾನ್ಸರ್?" ಎಂದು ಔಷಧಿ ಅಂಗಡಿಯ ಹುಡುಗ ಕೇಳಿದ. ಮರುಕದಿಂದಲೇ ಕೇಳಿದ, ಪಾಪ. ತಂಗಿಯ ಮುಖ ಮಾತ್ರ ಬಿಳಿಚಿಕೊಂಡಿತು. ಚೀಟಿಯಲ್ಲಿದ್ದದ್ದು ಲೆಟ್ರೋಜೋಲ್, ಮುಟ್ಟಿನ ಮೂರನೆಯ ದಿನದಿಂದ ಐದು ದಿನ. ಅವಳಿಗಿರುವುದು ಪಿಸಿಓಎಸ್, ಅಂದರೆ ಹಾರ್ಮೋನ್ ಏರುಪೇರಿನಿಂದ ಅಂಡಾಶಯಕ್ಕೆ ಬರುವ ತೊಂದರೆ; ಬೇಕಾಗಿರುವುದು ಮಗು.

ಆ ಪ್ರಶ್ನೆ ಈ ವಾರವೆಲ್ಲ ನನ್ನನ್ನು ಕಾಡಿದೆ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಋತುಬಂಧದ ನಂತರ ಬರುವ ಸ್ತನ ಕ್ಯಾನ್ಸರಿಗೆ ಕೊಡುವ ಮಾತ್ರೆಯೇ ಅದು. ಮನೆಗೆ ಬಂದು ತಂಗಿ ಡಬ್ಬಿಯೊಳಗಿನ ಕಾಗದ ಬಿಡಿಸಿದರೆ ಅಲ್ಲಿ ಇನ್ನೊಂದು ಆಘಾತ: ಗರ್ಭಿಣಿಯರು ಸೇವಿಸಬಾರದು. ಗರ್ಭ ನಿಲ್ಲಲೆಂದೇ ನುಂಗುವ ಮಾತ್ರೆ! ಅವಳು ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ.

ವಿಷಯ ಅಷ್ಟೇನೂ ಜಟಿಲವಲ್ಲ. ಮಾತ್ರೆ ಕೆಲವು ದಿನ ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನಿನ ತಯಾರಿಯನ್ನು ತಗ್ಗಿಸುತ್ತದೆ. ಕೊರತೆಯನ್ನು ಗಮನಿಸಿದ ಮಿದುಳು ಅಂಡ ಬೆಳೆಸುವ ಎಫ್‌ಎಸ್‌ಎಚ್ ಹಾರ್ಮೋನನ್ನು ಹೆಚ್ಚಿಸುತ್ತದೆ, ಅರ್ಧದಲ್ಲೇ ನಿಂತಿದ್ದ ಅಂಡದ ಪುಟ್ಟ ಚೀಲ ಬೆಳೆಯತೊಡಗುತ್ತದೆ. ಗರ್ಭ ನಿಲ್ಲುವ ಹೊತ್ತಿಗೆ ಔಷಧ ಬಹುಪಾಲು ದೇಹದಿಂದ ಹೊರಹೋಗಿರುತ್ತದೆ. 2014ರಲ್ಲಿ ಪ್ರಕಟವಾದ, 750 ಮಹಿಳೆಯರ ಅಮೆರಿಕದ ಅಧ್ಯಯನದಲ್ಲಿ ಇದನ್ನು ಪಡೆದವರಲ್ಲಿ ಶೇ 27.5ರಷ್ಟು ಮಂದಿಗೆ ಮಗುವಾಯಿತು. ಇದೇ ಉದ್ದೇಶದ ಹಳೆಯ ಮಾತ್ರೆ ಕ್ಲೋಮಿಫೀನ್ ಪಡೆದವರಲ್ಲಿ ಶೇ 19.1ರಷ್ಟು ಮಂದಿಗೆ. ಪಿಸಿಓಎಸ್‌ನಿಂದ ಅಂಡ ಬಿಡುಗಡೆಯಾಗದವರಿಗೆ ಈಗ ಮೊದಲು ಬರೆಯುವ ಮಾತ್ರೆ ಇದೇ. ಇಷ್ಟು ಹೇಳಲು ಎಷ್ಟು ಹೊತ್ತು ಬೇಕು?

ವೈದ್ಯೆ ಬಲ್ಲವರು, ಚಿಕಿತ್ಸೆಯೂ ಸರಿಯಾದದ್ದೇ. ಆದರೆ ತಂಗಿಗೆ ಅವರಿಂದ ಸಿಕ್ಕಿದ್ದು ಮೂರು ಆಜ್ಞೆಗಳು: ತೂಕ ಇಳಿಸಿ, ಇದನ್ನು ನುಂಗಿ, ಸ್ಕ್ಯಾನ್‌ಗೆ ಬನ್ನಿ. ಪಿಸಿಓಎಸ್ ಇರುವ ಅನೇಕರಂತೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಮೈಯಲ್ಲಿ ತೂಕ ಇಳಿಸುವುದು ಎಷ್ಟು ಕಷ್ಟವೆಂಬುದು ಅವರಿಗೆ ತಿಳಿಯದ್ದೇನಲ್ಲ. ಅದೇ ಕೋಣೆಯಲ್ಲಿ ತಂಗಿಯ ಗಂಡ "ನನಗೇಕೆ ವೀರ್ಯ ಪರೀಕ್ಷೆ?" ಎಂದು ಕೇಳಿದ್ದೇ ತಡ, ವೈದ್ಯೆ ಪೆನ್ನು ಕೆಳಗಿಟ್ಟು, ಚಿತ್ರ ಬರೆದು, ವೀರ್ಯಾಣುಗಳ ಸಂಖ್ಯೆ, ಚಲನೆ ಎಲ್ಲವನ್ನೂ ವಿವರಿಸಿದರು. ಅವನ ಅನುಮಾನಕ್ಕೆ ಸಮಯವಿತ್ತು. ಇವಳು ಸುಮ್ಮನಿದ್ದಳು, ಆದ್ದರಿಂದ ಎಲ್ಲ ಅರ್ಥವಾಗಿದೆ ಎಂದುಕೊಂಡರು. ತೂಕದ ಮಾತು ಕೇಳಿ ಕೇಳಿ ಬಾಯಿ ಕಟ್ಟಿಹೋದವಳ ಮೌನ ಅದು. ಪ್ರಶ್ನೆ ಕೇಳಿದರೆ "ಮೊದಲು ತೂಕ" ಎಂಬ ಉತ್ತರ ಬರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತು.

ಮುಂದಿನ ಭೇಟಿಗೆ ಪ್ರಶ್ನೆಗಳ ಪಟ್ಟಿ ಸಿದ್ಧವಾಗಿದೆ. ಈ ಸಲ ಅಂಡ ಬಿಡುಗಡೆಯಾಗದಿದ್ದರೆ ಮಾತ್ರೆಯ ಪ್ರಮಾಣ ಏರಿಸುತ್ತಾರೆಯೇ? ಅವಳಿ ಮಕ್ಕಳಾಗುವ ಸಾಧ್ಯತೆ ಎಷ್ಟು? ಐವಿಎಫ್ ಮಾತು ಯಾವಾಗ? ಓದುವವನು ಅವಳ ಗಂಡ. ಅವನು ಕೇಳಿದರೆ ವೈದ್ಯೆ ಚಿತ್ರವನ್ನೂ ಬರೆದು ತೋರಿಸುತ್ತಾರೆ.