ನೆಲದಲ್ಲೇ ಟಾರು ಇದ್ದರೆ, ಗಣಿಯ ನೀರನ್ನು ಗುರುತಿಸೋದು ಹೇಗೆ?

ಕೆನಡಾದ ಆಲ್ಬರ್ಟಾದ ತೈಲಮರಳು (ಬಿಟುಮೆನ್ ಎಂಬ ಟಾರಿನಂಥ ಗಟ್ಟಿ ಎಣ್ಣೆ ಬೆರೆತ ಮರಳು) ಗಣಿಗಳ ಮಾತು ಬಂದಾಗೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ: "ಅಥಾಬಾಸ್ಕಾ ನದಿ ದಂಡೆಯಲ್ಲಿ ಬಿಟುಮೆನ್ ತಾನಾಗಿಯೇ ಜಿನುಗುತ್ತದೆ ಅಲ್ವಾ? ಅಂತರ್ಜಲ ಕೆಟ್ಟಿದ್ದು ಗಣಿಯಿಂದಲೇ ಅಂತ ಹೇಗೆ ಹೇಳ್ತೀರಿ?"

ನ್ಯಾಯವಾದ ಪ್ರಶ್ನೆಯೇ. ಗಣಿ ಪ್ರದೇಶದ ಊರಾದ ಫೋರ್ಟ್ ಮೆಕ್‌ಮರೆಯ ಸುತ್ತ ನದಿ ಬಿಟುಮೆನ್ ತುಂಬಿದ ಮರಳನ್ನೇ ಕೊರೆದು ಹರಿಯುತ್ತದೆ. ಅಲ್ಲಿನ ಮೂಲನಿವಾಸಿಗಳು ಹಿಂದೆ ಅದೇ ಅಂಟಿನಿಂದ ದೋಣಿಯ ಸಂದು ಮುಚ್ಚುತ್ತಿದ್ದರು.

ಗಣಿಯಲ್ಲಿ ಮರಳನ್ನು ಬಿಸಿನೀರಲ್ಲಿ ತೊಳೆದು ಬಿಟುಮೆನ್ ತೆಗೆಯುತ್ತಾರೆ. ಉಳಿದ ಕೊಳೆನೀರು ದೊಡ್ಡ ಹೊಂಡಗಳಿಗೆ ಹೋಗುತ್ತದೆ. ಎಷ್ಟೋ ಹೊಂಡಗಳ ಏರಿಯೂ ಮರಳಿನದೇ, ಹಾಗಾಗಿ ಸೋರುತ್ತದೆ. ಸೋರಿದ್ದನ್ನು ಕಾಲುವೆ, ಬಾವಿಗಳಲ್ಲಿ ಹಿಡಿದು ವಾಪಸ್ ಪಂಪ್ ಮಾಡುತ್ತಾರೆ. ಎಲ್ಲವೂ ಸಿಕ್ಕಿಬೀಳುತ್ತದೆಯೇ ಅನ್ನೋದೇ ಜಗಳ.

ಈ ನೀರಿನ ಮುಖ್ಯ ವಿಷ ನ್ಯಾಫ್ತೆನಿಕ್ ಆಮ್ಲಗಳು ಎಂಬ ಬಗೆಬಗೆಯ ಆಮ್ಲಗಳ ಗುಂಪು. ಆದರೆ ಅವು ಬಿಟುಮೆನ್ನಿನಲ್ಲೇ ಇರುತ್ತವೆ, ಸಹಜವಾಗಿ ಜಿನುಗಿದ ನೀರಲ್ಲೂ ಸಿಗುತ್ತವೆ. ಸುಮ್ನೆ "ಸಿಕ್ಕಿತು" ಅಂದರೆ ಏನೂ ಸಾಬೀತಾಗಲ್ಲ. ಹೊಂಡದ ನೀರಿನ ಉಪ್ಪನ್ನು ನಂಬೋಣ ಅಂದರೆ, ಆಳದ ಹಳೆಯ ಕಲ್ಲುಪದರಗಳಿಂದಲೂ ಉಪ್ಪುನೀರು ಮೇಲೆ ಬರುತ್ತದೆ. ಹೊಂಡದ ನೀರು ಆವಿಯಾಗುತ್ತಾ ಅದರಲ್ಲಿ ಭಾರದ ಆಕ್ಸಿಜನ್ (ತೂಕ ಹೆಚ್ಚಿರುವ ಆಕ್ಸಿಜನ್ ಪರಮಾಣು) ಪಾಲು ಹೆಚ್ಚುತ್ತದೆ. ಅದೊಂದು ಸುಳಿವು, ಅಷ್ಟೇ.

ನಿಜವಾದ ಗುರುತು ಸಿಗೋದು ಮಿಶ್ರಣದಲ್ಲಿ. ಧನಿಯಾ, ಮೆಣಸಿನಕಾಯಿ ಎಲ್ಲ ಮನೆಯಲ್ಲೂ ಇದ್ದರೂ ಸಾರಿನ ಪುಡಿಯ ಹದದಿಂದ ಅದು ಯಾರ ಮನೆಯದು ಅಂತ ಗೊತ್ತಾಗುತ್ತದಲ್ಲ, ಹಾಗೆ. ಅಣುಗಳನ್ನು ತೂಕದಿಂದ ಗುರುತಿಸುವ ಯಂತ್ರವಾದ ಮಾಸ್ ಸ್ಪೆಕ್ಟ್ರೋಮೀಟರ್ ಈ ಆಮ್ಲಗಳನ್ನು ಬಿಡಿಬಿಡಿಯಾಗಿ ವಿಂಗಡಿಸುತ್ತದೆ. ಕೆನಡಾ ಸರ್ಕಾರದ ಪರಿಸರ ಇಲಾಖೆಯಾದ ಎನ್ವಿರಾನ್‌ಮೆಂಟ್ ಕೆನಡಾದ ವಿಜ್ಞಾನಿಗಳು ಹೊಂಡದ ನೀರನ್ನೂ, ಹತ್ತಿರದ ಮತ್ತು ದೂರದ ಅಂತರ್ಜಲವನ್ನೂ ಹೀಗೆ ಹೋಲಿಸಿ ನೋಡಿದರು. 2014ರಲ್ಲಿ ಫಲಿತಾಂಶ ಪ್ರಕಟವಾಯಿತು. ನದಿಯ ಅಂಚಿನಲ್ಲಿ ತೆಗೆದ ಕೆಲವು ಮಾದರಿಗಳು ಹೊಂಡದ ನೀರನ್ನೇ ಹೋಲುತ್ತಿದ್ದವು. ಸೋರಿದ ನೀರು ನದಿಯವರೆಗೂ ತಲುಪುತ್ತಿದೆ ಅನ್ನೋದಕ್ಕೆ ಇದು ಗಟ್ಟಿ ಪುರಾವೆ ಅಂತ ನನಗನ್ನಿಸುತ್ತದೆ. ಆದರೆ ಎಷ್ಟು ನೀರು ಅಂತ ಈ ಪರೀಕ್ಷೆ ಹೇಳಲ್ಲ.

ಇನ್ನೊಂದು ತೊಡಕಿದೆ. ಮೊದಲ ದೊಡ್ಡ ಗಣಿ ಶುರುವಾದದ್ದು 1967ರಲ್ಲಿ. ಇಷ್ಟು ಸೂಕ್ಷ್ಮ ಪರೀಕ್ಷೆ ಬಂದದ್ದು ದಶಕಗಳ ನಂತರ. ಅಗೆಯುವ ಮುಂಚಿನ ಅಂತರ್ಜಲ ಹೇಗಿತ್ತು ಅಂತ ಇದೇ ಕಣ್ಣಿಂದ ನೋಡೋದು ಈಗ ಆಗದ ಮಾತು.

ಕೆಲವೊಮ್ಮೆ ಇಷ್ಟೆಲ್ಲ ಪತ್ತೇದಾರಿಯೂ ಬೇಕಾಗಲ್ಲ. ಇಂಪೀರಿಯಲ್ ಆಯಿಲ್‌ನ ಕರ್ಲ್ ಗಣಿಯ ಹತ್ತಿರ 2022ರ ಮೇ ತಿಂಗಳಲ್ಲಿ ಬಣ್ಣಗೆಟ್ಟ ನೀರು ಕಂಡಿತು. ಅದು ಹೊಂಡದಿಂದ ಸೋರಿದ್ದು ಅಂತ ಕೆಲವೇ ತಿಂಗಳಲ್ಲಿ ಕಂಪನಿಗೆ ತಿಳಿಯಿತು. ನದಿಯ ಕೆಳಭಾಗದ ಮೂಲನಿವಾಸಿ ಸಮುದಾಯಗಳಿಗೆ ಪೂರ್ತಿ ವಿಷಯ ಗೊತ್ತಾದದ್ದು 2023ರ ಫೆಬ್ರವರಿಯಲ್ಲಿ, ಅದೂ ಇನ್ನೊಂದು ಹೊಂಡ ಉಕ್ಕಿ ಸುಮಾರು 53 ಲಕ್ಷ ಲೀಟರ್ ಹೊರಬಿದ್ದ ಮೇಲೆ.