1947ರ ಕ್ಯಾಡಿಲಾಕ್: ಬ್ರೇಕ್ ಆಯಿಲ್ ಟ್ಯಾಂಕಿಗೆ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ಸುರಿದ ಪುಣ್ಯಾತ್ಮರು ಯಾರು?

ಎಡಬಾಗಿಲಿನ ಗಾಜು ಅಂತೂ ಕುಸಿಯದೆ ಏರಿಸಿದಲ್ಲೇ ನಿಂತಿತು. ಫ್ಲಾಟ್‌ಹೆಡ್ ವಿ8 ಎಂಜಿನ್, ಹೈಡ್ರಾಮ್ಯಾಟಿಕ್ ಗೇರ್‌ಬಾಕ್ಸ್, ಕ್ರೋಮ್ ಇವು ಯಾವುವೂ ಈ ಕಂತಿನಲ್ಲಿಲ್ಲ. ಇದು ಪೂರ್ತಿ ಹೈಡ್ರೋ-ಲೆಕ್ಟ್ರಿಕ್ ಪುರಾಣ, ಅಂದರೆ ಕರೆಂಟಿನ ಪಂಪು ದ್ರವ ಒತ್ತಿ ಗಾಜು ಏರಿಸುವ ವ್ಯವಸ್ಥೆಯದ್ದು.

ಸೀರೀಸ್ 62 ಕನ್ವರ್ಟಿಬಲ್‌ನಲ್ಲಿ ಗಾಜು, ಮುಂದಿನ ಸೀಟು, ಕ್ಯಾನ್ವಾಸ್ ಟಾಪು ಎಲ್ಲಕ್ಕೂ ಒಂದೇ ಪಂಪು. ಗಾಜು ಏರಲು 6 ವೋಲ್ಟ್ ಮೋಟರು ತಿರುಗಬೇಕು, ಆ ಬಾಗಿಲಿನ ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆಯುವ ವಾಲ್ವ್) ತೆರೆಯಬೇಕು. ಇಳಿಯಲು ವಾಲ್ವ್ ತೆರೆದರೆ ಸಾಕು, ಸ್ಪ್ರಿಂಗೇ ಎಳೆದುಕೊಳ್ಳುತ್ತದೆ. ಕಂಪನಿ ತುಂಬಿಸುತ್ತಿದ್ದದ್ದು ಬ್ರೇಕ್ ಆಯಿಲ್.

ಈ ಗಾಡಿಯ ಗಾಜು ಏರಿದ ಸ್ವಲ್ಪ ಹೊತ್ತಿಗೆ ತಾನಾಗಿ ಕುಸಿಯುತ್ತಿತ್ತು. ಗಾಜು ಎತ್ತುವ ಸಿಲಿಂಡರಿನ ಮೇಲ್ತುದಿಯಲ್ಲಿ ಒಸರಿದ್ದರೆ ಅದರೊಳಗಿನ ರಬ್ಬರ್ ಕಪ್ (ದ್ರವ ತಡೆಯುವ ಸೀಲು) ಹೋಗಿದೆ; ಹೊರಗೆ ಒಂದು ಹನಿಯೂ ಇಲ್ಲದೆ ಕುಸಿದರೆ ವಾಲ್ವ್ ಸೀಟಿನಲ್ಲಿ ಕಸ. ನಮಗೆ ಎರಡೂ ಭಾಗ್ಯ. ಬಿಚ್ಚಿದರೆ ರಬ್ಬರ್ ಕಪ್‌ಗಳು ಮಳೆಗಾಲದ ಅಣಬೆಯಂತೆ ಊದಿಕೊಂಡಿದ್ದವು. ಟ್ಯಾಂಕಿನ ದ್ರವದ ನಾಲ್ಕು ಹನಿ ನೀರಿನ ಲೋಟಕ್ಕೆ ಬಿಟ್ಟಾಗ ಗುಟ್ಟು ರಟ್ಟಾಯಿತು. ಡಾಟ್ 3 (ಮಾಮೂಲಿ ಬ್ರೇಕ್ ಆಯಿಲ್) ಆಗಿದ್ದರೆ ನೀರಲ್ಲಿ ಬೆರೆಯಬೇಕಿತ್ತು, ಇದು ಕೆಂಪಗೆ ತೇಲಿತು, ಅಂದರೆ ಎಟಿಎಫ್. (ಸಿಲಿಕೋನಿನ ಡಾಟ್ 5 ಕೂಡ ತೇಲುತ್ತದೆ, ಬಣ್ಣ ನೋಡದೆ ತೀರ್ಪು ಕೊಡಬೇಡಿ.) ಎಟಿಎಫ್ ಖನಿಜ ತೈಲ, ಅದು ತಾಗಿದರೆ ಬ್ರೇಕ್ ಕಪ್ಪಿನ ರಬ್ಬರು ಊದುತ್ತದೆ.

ಸುರಿದವರ ಕಾಲವೂ ಸಿಕ್ಕಿತು. ಆರ್‌ಸಿ ಪುಸ್ತಕದಲ್ಲಿ ಮೂರು ಹೆಸರುಗಳಿವೆ. 1997ರವರೆಗೆ ನಮ್ಮ ದಾವಣಗೆರೆ ಚಿತ್ರದುರ್ಗ ಜಿಲ್ಲೆಯೊಳಗೇ ಇತ್ತಲ್ಲ, ಹಾಗಾಗಿ ಹಳೇ ಪುಟಗಳ ಸೀಲೆಲ್ಲ ಚಿತ್ರದುರ್ಗದ್ದೇ. ಮೂರನೇ ಮಾಲೀಕರ ಕಾಲದ ಗ್ಯಾರೇಜ್ ಬಿಲ್ಲೊಂದು ಅದರೊಳಗೇ ಮಡಚಿ ಉಳಿದಿತ್ತು: 12 ವೋಲ್ಟ್ ಬ್ಯಾಟರಿ, ಅದರ ಕೆಳಗಿನ ಸಾಲಲ್ಲಿ ಎಟಿಎಫ್. ಎಟಿಎಫ್ ತಂದದ್ದು ಗೇರ್‌ಬಾಕ್ಸಿಗೇ ಇರಬೇಕು, ಮಿಕ್ಕಿದ್ದನ್ನು ಇಲ್ಲಿಗೆ ಸುರಿದಿದ್ದಾರೆ. ಗಾಡಿಯನ್ನು 12 ವೋಲ್ಟ್‌ಗೆ ಬದಲಿಸಿದ್ದಕ್ಕೆ ಬಾಗಿಲೊಳಗೂ ಸಾಕ್ಷಿಯಿದೆ: ನೂಲು ಹೆಣೆದ ಮೂಲ ವೈರುಗಳ ಮಧ್ಯೆ ಸಣಕಲು ಪಿವಿಸಿ ವೈರು.

ರಿಪೇರಿ ಕ್ರಮ ಹೀಗೆ. ದ್ರವ ತಾಗಿದ ರಬ್ಬರು ಒಂದೂ ಉಳಿಯಬಾರದು, ಹೋಸ್ ಸಮೇತ. ಲೋಹದ ಪೈಪಿಗೆ ಮೊದಲು ಬ್ರೇಕ್ ಕ್ಲೀನರ್, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್, ಕೊನೆಗೆ ವಾಟರ್ ಟ್ರ್ಯಾಪ್ (ಗಾಳಿಯ ನೀರಂಶ ಹಿಡಿಯುವ ಡಬ್ಬಿ) ಇರುವ ಕಂಪ್ರೆಸರಿನ ಗಾಳಿ. ಸೀಮೆಎಣ್ಣೆ ಬೇಡವೇ ಬೇಡ, ಅದೂ ಖನಿಜ ತೈಲವೇ. ತುಕ್ಕಿನ ಗುಳಿ ಬಿದ್ದ ಸಿಲಿಂಡರನ್ನು ಹೋನ್ ಮಾಡಿಸಬೇಕು (ಒಳಮೈ ಉಜ್ಜಿ ನಯ ಮಾಡಿಸುವುದು). ಗುಳಿ ಆಳವಿದ್ದರೆ ಲೇತ್‌ನಲ್ಲಿ ಸ್ಲೀವ್, ಅಂದರೆ ಒಳಗೊಂದು ಹೊಸ ಕೊಳವೆ.

ಕಪ್ಪಿನ ವಿಚಾರಕ್ಕೆ ಬಂದರೆ ರಕ್ತ ಕುದಿಯುತ್ತದೆ. ಒಬ್ಬ ಸರಬರಾಜುದಾರರು "ರಬ್ಬರ್ ಅಂದ್ರೆ ಎಲ್ಲಾ ಒಂದೇ ರೀ" ಅಂತ ನೈಟ್ರೈಲ್ ರಬ್ಬರಿನ ಕಪ್ ಕಳಿಸಿದರು. ಎಟಿಎಫ್‌ಗೆ ಅದು ಸರಿ, ಡಾಟ್ 3ಕ್ಕೆ ಆಗದು, ಬೇಕಾದದ್ದು ಇಪಿಡಿಎಂ ಅನ್ನೋ ರಬ್ಬರು. ಬಂದ ಕಪ್ಪನ್ನು ವರ್ನಿಯರ್‌ನಲ್ಲಿ ಅಳೆದು, ಹಾಕಲಿರುವ ದ್ರವದಲ್ಲೇ ರಾತ್ರಿಯಿಡೀ ನೆನೆಸಿ, ಮತ್ತೆ ಅಳೆದೇ ಕೂರಿಸಿ.

ಕರೆಂಟೂ 6 ವೋಲ್ಟ್‌ಗೆ ವಾಪಸ್. ಅದೇ ಶಕ್ತಿಗೆ ಎರಡು ಪಟ್ಟು ಆಂಪಿಯರ್ ಹರಿಯುವುದರಿಂದ ಬ್ಯಾಟರಿಗೆ 50 ಚದರ ಮಿ.ಮೀ.ನ ವೆಲ್ಡಿಂಗ್ ಕೇಬಲ್ಲೇ ಬೇಕು. ಕಿತ್ತ ಪಿವಿಸಿ ವೈರನ್ನು ಬಿಸಾಡಿಲ್ಲ, ಚೀಟಿ ಕಟ್ಟಿ ಬಿಲ್ಲಿನ ಜೊತೆ ಇಟ್ಟಾಗಿದೆ. ಅದೂ ಗಾಡಿಯ ಚರಿತ್ರೆಯೇ. 2021ರ ವಿಂಟೇಜ್ ನೋಂದಣಿ ನಿಯಮವೂ ಗಾಡಿ ಮೂಲರೂಪದಲ್ಲಿರಬೇಕು ಅನ್ನುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಆಮೇಲೆ ದಿನಾ ಪಿ.ಬಿ. ರಸ್ತೆಯಲ್ಲಿ ಮೆರೆಯೋ ಹಾಗಿಲ್ಲ ಅನ್ನೋದೂ ನೆನಪಿರಲಿ.

ಇದರ ಮಧ್ಯೆ ಮೂಲೆಯಲ್ಲಿರೋ ಮೈಸೂರಿನ ಯೆಜ್ಡಿ ಕಣ್ಣು ಹೊಡೀತಿದೆ. ಕಿಕ್ಕರೂ ಗೇರೂ ಒಂದೇ ಲಿವರ್, ಹೈಡ್ರಾಲಿಕ್ ಪಂಪಿನ ಕಾಟವೇ ಇಲ್ಲ, ಆಹಾ! ಮುಂದಿನ ಸರದಿ ಅದರದ್ದೇ.

ಆದರೆ ಟಾಪಿನ ಸಿಲಿಂಡರುಗಳು ಇನ್ನೂ ಬಾಕಿ. ಅವುಗಳ ಕಪ್ಪಿನ ಅಳತೆ ಯಾರ ಹತ್ತಿರವಾದರೂ ಇದ್ದರೆ ಕೊಡಿ. ಹೊರವ್ಯಾಸ ಒಂದೇ ಸಾಲದು, ತುಟಿಯ ದಪ್ಪವೂ ಬೇಕು.